ಕೋಲು ಇಳಿದರೂ ಸದ್ದು ಒಡೆಯುವುದೇಕೆ? ವಾದ್ಯವೃಂದ ನಿರ್ದೇಶಕರಿಗೆ ದೋಷ ನಿವಾರಣೆ ಕೈಪಿಡಿ

ಎಂಟು ಬಾರ್ ನುಡಿಸುವಷ್ಟರಲ್ಲಿ ನಿಲ್ಲಿಸಿದೆ. "ಹಾರ್ನ್‌ಗಳು ತಡವಾಗುತ್ತಿವೆ" ಎಂದೆ. ಮತ್ತೆ ಶುರುಮಾಡಿದೆವು, ಮತ್ತೆ ತಡ. ಮೂರನೆಯ ಸಲ ನನ್ನ ದನಿ ಏರಿತು, ನಾಲ್ಕನೆಯ ಸಲ ಹಾರ್ನ್ ಎಂಬ ಹಿತ್ತಾಳೆ ವಾದ್ಯ ನುಡಿಸುವವರ ಮುಖ ಇಳಿಯಿತು. ಹವ್ಯಾಸಿ ವಾದ್ಯವೃಂದವೊಂದರ ಮುಂದೆ ಹೀಗೆ ಅರ್ಧ ತಾಲೀಮು ಕಳೆದ ಮೇಲೆ ವಿರಾಮದಲ್ಲಿ ಎರಡನೆಯ ಹಾರ್ನ್‌ನವರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸರ್, ನಿಮ್ಮ ಸ್ಟ್ಯಾಂಡ್ ಎತ್ತರವಾಯಿತು. ನಿಮ್ಮ ಮೊದಲ ಬೀಟ್ ಅದರ ಹಿಂದೆ ಬೀಳುತ್ತದೆ. ಕೋಲು ಮೇಲೆದ್ದಾಗಲಷ್ಟೇ ನಮಗೆ ಕಾಣುವುದು." ಸ್ವರಲಿಪಿಯ ಹಾಳೆ ಇಡುವ ಆ ಸ್ಟ್ಯಾಂಡನ್ನು ಒಂದು ಗೇಣು ಇಳಿಸಿದೆ. ಹಾರ್ನ್‌ಗಳು ಸರಿಹೋದವು.

ಈ ಕೈಪಿಡಿ ಹುಟ್ಟಿದ್ದು ಆ ಒಂದು ಗೇಣಿನಿಂದ. ಕಿವಿಗೆ ಬಿದ್ದ ದೋಷದಿಂದ ಹಿಮ್ಮುಖವಾಗಿ ನಡೆದು ಅದರ ಬೇರು ಎಲ್ಲಿದೆ ಎಂದು ಹುಡುಕುವ ಬಗೆ ಇಲ್ಲಿದೆ. ಕಂಡಕ್ಟರ್ ಎಂದರೆ ಕನ್ನಡದ ಕಿವಿಗೆ ಮೊದಲು ಟಿಕೆಟ್ ಕೊಡುವವರೇ ನೆನಪಾಗುವುದರಿಂದ ನಿರ್ದೇಶಕ ಎಂದು ಬರೆಯುತ್ತೇನೆ. ಬೀಟ್ (ತಾಳದ ಒಂದು ಪೆಟ್ಟು), ಬಾರ್ (ಬೀಟ್‌ಗಳ ಒಂದು ಆವರ್ತ), ಸ್ಕೋರ್ (ಎಲ್ಲ ವಾದ್ಯಗಳ ಸ್ವರಗಳೂ ಇರುವ ನಿರ್ದೇಶಕರ ಪ್ರತಿ) ಎಂಬ ಮಾತುಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಸದ್ದು ಹೊರಡುವ ಮೊದಲಿನ ಒಂದು ಬೀಟಿನಲ್ಲಿ ಕೋಲು ಮೇಲೆದ್ದು ಇಳಿಯುತ್ತದಲ್ಲ, ಆ ಚಲನೆಗೆ ನಮ್ಮ ಸಂಗೀತದ 'ಎತ್ತುಗಡೆ' ಎಂಬ ಮಾತನ್ನು ಅರ್ಥ ಸ್ವಲ್ಪ ತಿರುಗಿಸಿ ಸಾಲ ಪಡೆದಿದ್ದೇನೆ.

ಮೊದಲ ಪರೀಕ್ಷೆ: ಕೈ ಕಟ್ಟಿ ನಿಲ್ಲಿ

ಯಾವ ದೋಷವೇ ಆಗಲಿ, ಮೊದಲು ಮಾಡಬೇಕಾದದ್ದು ಇದು. ತಪ್ಪು ಕೇಳಿಸಿದ ಜಾಗದಿಂದ ನಾಲ್ಕು ಬಾರ್ ಹಿಂದಕ್ಕೆ ಹೋಗಿ. ಮೊದಲ ಪಿಟೀಲುಗಳ ಮುಂದಾಳಿಗೆ, ಅಂದರೆ ಕನ್ಸರ್ಟ್‌ಮಾಸ್ಟರ್‌ಗೆ, "ನೀವೇ ಶುರುಮಾಡಿ, ನಾನು ಕೇಳುತ್ತೇನೆ" ಎನ್ನಿ. ಕೋಲನ್ನು ಸ್ಟ್ಯಾಂಡಿನ ಮೇಲಿಟ್ಟು ಸುಮ್ಮನೆ ನಿಲ್ಲಿ.

ದೋಷ ಮಾಯವಾದರೆ ಅದು ನಿಮ್ಮ ಕೈಯದು. ಹಾಗೆಯೇ ಉಳಿದರೆ ಸಭಾಂಗಣದ್ದೋ, ವಾದಕರ ಮುಂದಿರುವ ಬಿಡಿ ಪ್ರತಿಯದೋ, ಬೆರಳುಗಳದೋ ಆಗಿರುತ್ತದೆ. ದೋಷ ಜಾಗ ಬದಲಿಸಿದರೆ, ಅಂದರೆ ಮೊದಲು ಹಾರ್ನ್ ತಡವಾಗುತ್ತಿದ್ದಲ್ಲಿ ಈಗ ಕೊಳಲು ಓಡುತ್ತಿದ್ದರೆ, ವಾದಕರು ಒಬ್ಬೊಬ್ಬರು ಒಬ್ಬೊಬ್ಬರ ಬೆನ್ನು ಹಿಡಿದಿದ್ದಾರೆ ಎಂದರ್ಥ. ಯಾರು ಯಾರನ್ನು ಕೇಳಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿದರೆ ಅದು ಅರ್ಧ ನಿಮಿಷದ ಕೆಲಸ.

ನಿರ್ದೇಶಕರು ಈ ಪರೀಕ್ಷೆಗೆ ಹೆದರುತ್ತಾರೆ. ನಾವಿಲ್ಲದೆಯೂ ಸರಿಯಾಗಿ ನುಡಿಸಿಬಿಟ್ಟರೆ ಮರ್ಯಾದೆಯೇನು ಎಂಬ ಅಳುಕು. ನುಡಿಸಬಲ್ಲರು ಎಂಬುದು ಎಂದೋ ಸಾಬೀತಾಗಿದೆ: ಮಾಸ್ಕೊದಲ್ಲಿ ಪೆರ್ಸಿಮ್‌ಫಾನ್ಸ್ ಎಂಬ ವಾದ್ಯವೃಂದ 1922ರಿಂದ 1932ರವರೆಗೆ ನಿರ್ದೇಶಕರಿಲ್ಲದೆಯೇ ನಡೆಯಿತು. ಲಿಯೊನಾರ್ಡ್ ಬರ್ನ್‌ಸ್ಟೈನ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಮುಂದೆ ಹೈಡನ್‌ನ 88ನೆಯ ಸಿಂಫನಿಯ ಕೊನೆಯ ಭಾಗವನ್ನು ಕೈ ಅಲ್ಲಾಡಿಸದೆ, ಬರೀ ಹುಬ್ಬು ಮತ್ತು ತುಟಿಗಳಿಂದ ನಡೆಸಿದ ದೃಶ್ಯವೂ ಇದೆ. ಅದನ್ನು ನೋಡಿ ನಗಿ, ಅನುಕರಿಸಬೇಡಿ. ಅವರು ತಾಲೀಮಿನಲ್ಲಿ ಮಾಡಿದ ಕೆಲಸ ಆ ದೃಶ್ಯದಲ್ಲಿ ಕಾಣುವುದಿಲ್ಲ.

ಲಕ್ಷಣ: ಆರಂಭ ಚದುರುತ್ತದೆ

ಒಂದೇ ಸದ್ದಾಗಿ ಹೊರಡಬೇಕಾದದ್ದು 'ಟರ್ರ್' ಎಂದು ಹರಿದು ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಸದ್ದು ಹೊರಡುವ ಕ್ಷಣದಲ್ಲಿ ನೀವು ಏನು ಮಾಡಿದರೂ ಪ್ರಯೋಜನವಿಲ್ಲ. ಅಷ್ಟರಲ್ಲಿ ಕಮಾನು ತಂತಿಯ ಮೇಲಿದೆ, ಓಬೊದವರ ಉಸಿರು ತುಂಬಿದೆ. ಅವರಿಗೆ ಬೇಕಾದ ಸುದ್ದಿಯೆಲ್ಲ ಎತ್ತುಗಡೆಯಲ್ಲೇ ಸಿಕ್ಕಿರಬೇಕು. ವೇಗ ಎಷ್ಟು, ಸದ್ದು ಎಷ್ಟು, ಸದ್ದಿನ ಮೈ ಒರಟೋ ನುಣುಪೋ, ಈ ಮೂರೂ.

ಪತ್ತೆ ಮಾಡುವ ಬಗೆ: ಮೊಬೈಲನ್ನು ಹಾರ್ನ್‌ಗಳ ಸಾಲಿನಲ್ಲಿ ಒಂದು ಕುರ್ಚಿಯ ಮೇಲೆ ನಿಮ್ಮ ಕಡೆಗೆ ಮುಖಮಾಡಿಸಿ ಇಟ್ಟು ಚಿತ್ರೀಕರಿಸಿ. ಮನೆಗೆ ಹೋಗಿ ಸದ್ದು ಪೂರ್ತಿ ಆರಿಸಿ, ಕೃತಿ ಗೊತ್ತಿಲ್ಲದ ಯಾರಿಗಾದರೂ ತೋರಿಸಿ, "ಯಾವಾಗ ಶುರುವಾಗಬೇಕು, ಚಪ್ಪಾಳೆ ತಟ್ಟು" ಎನ್ನಿ. ಅವರ ಚಪ್ಪಾಳೆ ತಡವರಿಸಿದರೆ ನಿಮ್ಮ ಎತ್ತುಗಡೆ ತಡವರಿಸುತ್ತಿದೆ. ನನ್ನದನ್ನು ಮೊದಲ ಸಲ ಹೀಗೆ ನೋಡಿದಾಗ ಕಂಡದ್ದು: ಕೋಲು ಮೇಲೆದ್ದು ತುದಿಯಲ್ಲಿ ಒಂದು ಕ್ಷಣ ಹೆಪ್ಪುಗಟ್ಟಿ, ಆಮೇಲೆ ಬೀಳುತ್ತಿತ್ತು. ಆ ನಿಲುಗಡೆ ಎಷ್ಟು ಹೊತ್ತಿನದೆಂದು ವಾದಕರಿಗೆ ಹೇಗೆ ಗೊತ್ತಾಗಬೇಕು? ನಲವತ್ತು ಜನ ನಲವತ್ತು ಬಗೆಯಲ್ಲಿ ಊಹಿಸುತ್ತಾರೆ.

ಪರಿಹಾರ ಕೈಯಲ್ಲಿಲ್ಲ, ಮೂಗಿನಲ್ಲಿದೆ. ಎತ್ತುಗಡೆಯ ಜೊತೆ ನೀವೂ ಉಸಿರೆಳೆದುಕೊಳ್ಳಿ, ಆ ಬೀಟಿನ ಉದ್ದಕ್ಕೆ ಸರಿಯಾಗಿ. ನಿಧಾನದ ಕೃತಿಗೆ ನಿಧಾನದ ಉಸಿರು, ಚುರುಕಿನದಕ್ಕೆ ಚುರುಕು. ಉಸಿರೆಳೆಯುವ ಮನುಷ್ಯ ತುದಿಯಲ್ಲಿ ಹೆಪ್ಪುಗಟ್ಟಲಾರ. ಗಾಳಿ ವಾದ್ಯದವರು ನಿಮ್ಮೊಂದಿಗೇ ಉಸಿರೆಳೆಯುತ್ತಾರೆ, ತಂತಿಯವರ ಕಮಾನು ಕೂಡ ಆ ಉಸಿರಿನ ಜೊತೆಗೇ ಏಳುತ್ತದೆ.

ಇನ್ನೊಂದು ಕಾರಣ: ಭಯಕ್ಕೆ ಎರಡು ಬೀಟ್ ಮುಂಚೆ ಕೊಡುವುದು. ಒಂದು ಸಾಲದು ಎಂದು ಇನ್ನೊಂದು ಸೇರಿಸಿದರೆ, ಮೊದಲನೆಯದನ್ನೇ ಎತ್ತುಗಡೆ ಎಂದುಕೊಂಡ ಯಾರೋ ಒಬ್ಬರು ಒಂಟಿಯಾಗಿ ನುಗ್ಗುತ್ತಾರೆ. ಎರಡು ಬೇಕೆಂದರೆ ಮೊದಲೇ ಹೇಳಿ, ಮೊದಲನೆಯದನ್ನು ಕಿರಿದಾಗಿಸಿ.

ಬೆಥೋವನ್ ಐದನೆಯ ಸಿಂಫನಿಯ ಆರಂಭವನ್ನು ಈ ದೋಷದ ಪರೀಕ್ಷಾ ಕೊಠಡಿ ಎನ್ನಬಹುದು. ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಸ್ವರಗಳಿಗೆ ಮೊದಲು ಒಂದು ಕಿರು ಮೌನ ಬರೆದಿದೆ. ಬಾರ್‌ಗೆ ಒಂದೇ ಬೀಟ್, ನಿಮಿಷಕ್ಕೆ 108. ಅಂದರೆ ಒಂದು ಬಾರ್ ಸುಮಾರು 0.56 ಸೆಕೆಂಡ್, ಆ ಮೌನ ಅದರ ಕಾಲು ಭಾಗ, ಸುಮಾರು 0.14 ಸೆಕೆಂಡ್. ನಿಮ್ಮ ಕೋಲು ಬಡಿಯುವುದು ಮೌನದ ಮೇಲೆ. ತಂತಿಗಳೂ ಕ್ಲಾರಿನೆಟ್‌ಗಳೂ ಅದರಿಂದ ಪುಟಿದಂತೆ ಹೊರಡಬೇಕು. ಕೋಲು ಮೆತ್ತಗೆ ಬಿದ್ದರೆ ಪುಟಿಯಲು ನೆಲವೇ ಇರುವುದಿಲ್ಲ. ಮೂರು ಸ್ವರಗಳು ಒಂದೇ ಬೀಟಿನ ಮೂರು ಪಾಲಿನಂತೆ ಜಾರಿಬಿಡುತ್ತವೆ. 'ತಾ-ತಾ-ತಾ' ಎಂಬುದು 'ತಕಿಟ' ಎಂದು ಕೇಳಿದರೆ ದೋಷ ಇಲ್ಲಿದೆ. ಪರಿಹಾರ: ಒಂದೇ ಎತ್ತುಗಡೆ, ಅದೇ ವೇಗದಲ್ಲಿ, ಬೀಟ್ ತಾಗುವ ಬಿಂದುವಿನಲ್ಲಿ ಮಣಿಕಟ್ಟಿನ ಒಂದು ಚಿಟಿಕೆ. ಬಿಸಿ ಹಂಚಿಗೆ ಬೆರಳು ತಾಗಿಸಿ ತೆಗೆಯುತ್ತೇವಲ್ಲ, ಹಾಗೆ. ತೋಳು ಬೀಸುವ ಅಗತ್ಯವೇ ಇಲ್ಲ.

ಲಕ್ಷಣ: ಹಿಂದಿನ ಸಾಲು ಯಾವಾಗಲೂ ತಡ

ಸ್ಟ್ಯಾಂಡಿನ ಎತ್ತರವನ್ನು ಮೊದಲು ನೋಡಿ. ಯಾಕೆಂದು ಮೇಲೆ ಹೇಳಿದ್ದೇನೆ. ಕೋಲು ಎದೆಯ ಮಟ್ಟದಲ್ಲಿ ತಾಗಬೇಕು, ಹೊಟ್ಟೆಯ ಮಟ್ಟದಲ್ಲಲ್ಲ.

ಅದು ಸರಿಯಿದ್ದರೆ ಗಾಳಿಯ ಲೆಕ್ಕ ನೋಡಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಿಂದಿನ ಸಾಲಿನ ದೊಡ್ಡ ನಗಾರಿ, ಅಂದರೆ ಟಿಂಪನಿ, ನಿಮ್ಮಿಂದ 12 ಮೀಟರ್ ದೂರದಲ್ಲಿದ್ದರೆ ಅದರ ಸದ್ದು ನಿಮ್ಮನ್ನು ಮುಟ್ಟಲು 35 ಮಿಲಿಸೆಕೆಂಡ್ ಬೇಕು. ಇಷ್ಟೇ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ತೊಂದರೆ ಬರುವುದು ಟಿಂಪನಿಯವರು ಮುಂದಿನ ಪಿಟೀಲುಗಳನ್ನು ಕಿವಿಯಿಂದ ಕೇಳಿ ಅದಕ್ಕೆ ಹೊಂದಿಸಿದಾಗ. ಪಿಟೀಲಿನ ಸದ್ದು ಹಿಂದಕ್ಕೆ ಹೋಗಲು 35, ಅವರ ಪೆಟ್ಟು ಮುಂದಕ್ಕೆ ಬರಲು 35, ಒಟ್ಟು 70. ನಿಮಿಷಕ್ಕೆ 144 ಬೀಟಿನ ವೇಗದಲ್ಲಿ ಬೀಟಿನ ಕಾಲು ಭಾಗವೇ 104 ಮಿಲಿಸೆಕೆಂಡ್ ಎಂದ ಮೇಲೆ 70 ಎಂಬುದು ಸಣ್ಣ ಸಂಖ್ಯೆಯಲ್ಲ. ಹಿಂದಿನವರು ಚೆನ್ನಾಗಿ ಕೇಳುವ ಸಂಗೀತಗಾರರಾಗಿರುವುದರಿಂದಲೇ ಈ ತಪ್ಪು ಆಗುತ್ತದೆ! ಅವರಿಗೆ ಹೇಳಬೇಕಾದ ಮಾತು: "ಇಲ್ಲಿ ಕಿವಿ ಬೇಡ, ಕಣ್ಣಿನಿಂದ ನುಡಿಸಿ." ಅವರ ಕುರ್ಚಿಯಲ್ಲಿ ಅವರಿಗೆ ತಾವು ಮುಂದೋಡಿದಂತೆ ಕೇಳುತ್ತದೆ. ಅದನ್ನು ನಂಬದಿರಲು ಧೈರ್ಯ ಬೇಕು, ಆ ಧೈರ್ಯವನ್ನು ನೀವು ಕೊಡಬೇಕು.

ಹಾರ್ನ್‌ಗಳಿಗೆ ಇನ್ನೂ ಒಂದು ಹೊರೆ: ಅವುಗಳ ಬಾಯಿ ಹಿಂದಕ್ಕೆ ತಿರುಗಿದೆ. ಹಿಂದೆ ದಪ್ಪ ಪರದೆ ಇದ್ದರೆ ಸದ್ದನ್ನು ಅದು ನುಂಗುತ್ತದೆ, ಕೇಳಿದ್ದು ಮಂಕಾಗಿ ತಡವಾದಂತೆ ತೋರುತ್ತದೆ. ಕೋಲಿಗೆ ಕೈ ಹಾಕುವ ಮೊದಲು ಪರದೆ ಸರಿಸಿ ನೋಡಿ.

ಇಲ್ಲಿ ನಿರ್ದೇಶಕರು ಬೀಳುವ ಹಳ್ಳವೊಂದಿದೆ. ಸದ್ದು ತಡವಾಗಿ ಬಂತೆಂದು ನೀವು ಕಾಯುತ್ತೀರಿ. ನೀವು ಕಾದಿರೆಂದು ಅವರು ಇನ್ನಷ್ಟು ಕಾಯುತ್ತಾರೆ. ಒಂದು ಪುಟ ಮುಗಿಯುವಷ್ಟರಲ್ಲಿ ಎಲ್ಲರೂ ಸೇರಿ ಗಾಡಿಯನ್ನು ಕೆಸರಿಗೆ ಇಳಿಸಿರುತ್ತೀರಿ. ಅನುಭವೀ ವಾದ್ಯವೃಂದಗಳು ಕೋಲು ತಾಗಿದ ಮೇಲೆ ತುಸು ತಡೆದೇ ನುಡಿಸುತ್ತವೆ, ಅದು ಅವುಗಳ ರೂಢಿ. ಅಂಥ ಕಡೆ ನೀವು ಸದ್ದನ್ನು ಹಿಂಬಾಲಿಸಲು ಹೋದರೆ ಮುಗಿಯಿತು. ಕೋಲು ಮುಂದೆ ಇರಲಿ, ಸದ್ದು ಅದರ ಹಿಂದೆ ಬರಲಿ.

ಲಕ್ಷಣ: ಲಯ ಓಡುತ್ತದೆ ಅಥವಾ ಎಳೆಯುತ್ತದೆ

ಮೊದಲು ಅಳೆಯಿರಿ. ಧ್ವನಿಮುದ್ರಣದ ಮೊದಲ ಹತ್ತು ಬಾರ್‌ಗಳಿಗೂ ಕೊನೆಯ ಹತ್ತಕ್ಕೂ ವೇಗ ಅಳೆಯುವ ಮೆಟ್ರೊನೋಮ್ ಹಿಡಿಯಿರಿ. "ಓಡುತ್ತಿದೆ" ಎಂಬ ನಮ್ಮ ಅನಿಸಿಕೆ ಎಷ್ಟೋ ಸಲ ಸುಳ್ಳು. ಸದ್ದು ಏರಿದಾಗ ವೇಗವೂ ಏರಿದಂತೆ ಕೇಳುತ್ತದೆ.

ನಿಜವಾಗಿಯೂ ಎಳೆಯುತ್ತಿದ್ದರೆ ನಿಮ್ಮ ಬೀಟಿನ ಗಾತ್ರ ನೋಡಿ. ಜೋರಿನ ಜಾಗ ಬಂತೆಂದು ತೋಳು ಬೀಸತೊಡಗುತ್ತೇವೆ. ಕೋಲಿನ ತುದಿ ಒಂದು ಗೇಣು ಹೋಗುತ್ತಿದ್ದಲ್ಲಿ ಈಗ ಒಂದು ಮಾರು ಹೋಗಬೇಕು, ಅದೇ ಸಮಯದಲ್ಲಿ. ತೋಳಿಗೆ ಅದು ಆಗುವುದಿಲ್ಲ, ಬೀಟ್ ಹಿಗ್ಗುತ್ತದೆ. ಆಮೇಲೆ "ಏಕೆ ಎಳೆಯುತ್ತೀರಿ?" ಎಂದು ವಾದಕರನ್ನು ಬೈಯುತ್ತೇವೆ. ಬೀಟನ್ನು ಅರ್ಧಕ್ಕೆ ಇಳಿಸಿ, ಜೋರನ್ನು ಎಡಗೈಗೆ ಬಿಡಿ.

ಓಡುತ್ತಿದ್ದರೆ ಸಾಮಾನ್ಯವಾಗಿ ಯಾರೋ ತಮ್ಮ ಮೌನಗಳನ್ನು ಪೂರ್ತಿ ಕಾಯುತ್ತಿಲ್ಲ. ತಂತಿಗಳನ್ನು ಬೆರಳಿನಿಂದ ಮೀಟುವ ಜಾಗಗಳಲ್ಲಿ ಇದು ಹೆಚ್ಚು. ಕೋಲಿನಿಂದ ಹಿಡಿದೆಳೆಯಲು ಹೋಗಬೇಡಿ. ದೊಡ್ಡ ಬೀಟು ಇಲ್ಲಿ ಎಣ್ಣೆ ಸುರಿದಂತೆ. ಬೀಟನ್ನು ಇನ್ನೂ ಚಿಕ್ಕದು, ಇನ್ನೂ ಒಣಗಿದ್ದು ಮಾಡಿ; ಅವರು ಕಣ್ಣೆತ್ತಿ ನೋಡಲೇಬೇಕಾಗುತ್ತದೆ. ರಾವೆಲ್ 1928ರಲ್ಲಿ ಬರೆದ ಬೊಲೆರೊ ಇದಕ್ಕೆ ಒಳ್ಳೆಯ ಕಸರತ್ತು. ಕಾಲು ಗಂಟೆ ಒಂದೇ ಲಯ, ಒಂದೇ ಚಿಕ್ಕ ಡೋಲಿನ ನಡೆ, ಸದ್ದು ಮಾತ್ರ ಏರುತ್ತ ಹೋಗಬೇಕು. 1930ರಲ್ಲಿ ನಿರ್ದೇಶಕ ಟೊಸ್ಕನೀನಿ ಅದನ್ನು ಪ್ಯಾರಿಸ್‌ನಲ್ಲಿ ವೇಗವಾಗಿ ನಡೆಸಿದಾಗ ಸಭೆಯಲ್ಲೇ ಇದ್ದ ರಾವೆಲ್ ಮುನಿಸಿಕೊಂಡರು. ಅದು ದೋಷವಲ್ಲ, ಟೊಸ್ಕನೀನಿ ಬೇಕೆಂದೇ ಆರಿಸಿದ ವೇಗ. ನಮ್ಮ ನಿಮ್ಮ ಬೊಲೆರೊ ಓಡುವುದು ಬೇರೆ ಕಾರಣಕ್ಕೆ. ನಾನು ಆ ಕೃತಿಯನ್ನು ಅಭ್ಯಾಸ ಮಾಡುವಾಗ ಬಲಗೈಯ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಒಂದು ಪುಸ್ತಕ ಸಿಕ್ಕಿಸಿಕೊಳ್ಳುತ್ತೇನೆ. ಪುಸ್ತಕ ಬಿದ್ದ ಬಾರ್ ಯಾವುದೋ, ಲಯ ತಪ್ಪುವ ಬಾರ್ ಅದೇ.

ಲಕ್ಷಣ: ಮೆಲ್ಲಗೆ ಎಂದರೆ ಯಾರೂ ಮೆಲ್ಲಗಾಗುವುದಿಲ್ಲ

ನಿಮ್ಮ ಕೈ ಮೆಲ್ಲಗಾಗಿದೆಯೇ? ಬಾಯಲ್ಲಿ "ಶ್" ಎನ್ನುತ್ತ ಕೈಯಲ್ಲಿ ಬಟ್ಟೆ ಒಗೆಯುತ್ತಿದ್ದರೆ ವಾದಕರು ಕೈಯನ್ನೇ ನಂಬುತ್ತಾರೆ. ಜೋರಿನಿಂದ ಒಮ್ಮೆಲೇ ಮೆಲುಪಿಗೆ ಬೀಳಬೇಕಾದಲ್ಲಿ ಆ ಮೆಲು ಬೀಟನ್ನು ಕಿರಿದಾಗಿಸಿದರೆ ತಡವಾಯಿತು; ಅದಕ್ಕೆ ಹಿಂದಿನ ಬೀಟಿನಿಂದ ಕೋಲು ಮೇಲೇಳುವಾಗಲೇ ಕಿರಿದಾಗಬೇಕು. ಹಿತ್ತಾಳೆ ವಾದ್ಯಗಳ ಕಡೆ ಹುರಿದುಂಬಿಸುವ ನೋಟ ಬೀರಬೇಡಿ ಎಂದು ರಿಚರ್ಡ್ ಸ್ಟ್ರಾಸ್ ಕಿರಿಯ ನಿರ್ದೇಶಕರಿಗೆ ಹೇಳಿದ ಬುದ್ಧಿಮಾತು ನಗೆಮಾತೂ ಹೌದು, ಚಿಕಿತ್ಸೆಯೂ ಹೌದು.

ಲಕ್ಷಣ: ಫರ್ಮಾಟಾದಲ್ಲಿ ಸಿಕ್ಕಿಬೀಳುವುದು

ಫರ್ಮಾಟಾ ಎಂದರೆ ಸ್ವರವನ್ನು ಅದರ ಅಳತೆ ಮೀರಿ ಹಿಡಿಯಿರಿ ಎನ್ನುವ ಗುರುತು. ಸ್ವರವನ್ನು ನಿಲ್ಲಿಸಿ ಹಿಡಿಯುವುದು ಸುಲಭ, ಬಿಟ್ಟು ಹೊರಡುವುದು ಕಷ್ಟ. ಚದುರುವುದು ಹೊರಡುವಾಗ. ಕಾರಣ ಹೆಚ್ಚುಕಡಿಮೆ ಒಂದೇ: ಯಾವ ಬಗೆಯಲ್ಲಿ ಹೊರಡಬೇಕೆಂದು ನೀವೇ ಮನೆಯಲ್ಲಿ ತೀರ್ಮಾನಿಸಿಲ್ಲ. ಸದ್ದು ಕತ್ತರಿಸದೆ ನೇರ ಮುಂದಿನ ಸ್ವರಕ್ಕೆ ಹೋಗಬಹುದು. ಆಗ ಒಂದು ಎತ್ತುಗಡೆ ಮಾತ್ರ. ಕತ್ತರಿಸಿ ತಕ್ಷಣ ಹೊರಡಬಹುದು. ಆಗ ಕತ್ತರಿಸುವ ಚಲನೆಯೇ ಎತ್ತುಗಡೆಯಾಗಬೇಕು, ಅದೂ ಮುಂದಿನ ವೇಗದಲ್ಲಿ. ಕತ್ತರಿಸಿ, ಮೌನ ಬಿಟ್ಟು, ಆಮೇಲೆ ಹೊರಡಬಹುದು. ಆಗ ಎರಡು ಬೇರೆ ಬೇರೆ ಚಲನೆಗಳು, ನಡುವೆ ಕೋಲು ಕಲ್ಲಿನಂತೆ ನಿಂತಿರಬೇಕು. ಎರಡನೆಯದನ್ನೂ ಮೂರನೆಯದನ್ನೂ ಬೆರೆಸಿದ ಕೈ ಅರ್ಧ ವಾದಕರನ್ನು ಹೊರಡಿಸುತ್ತದೆ, ಉಳಿದರ್ಧವನ್ನು ಕೂರಿಸುತ್ತದೆ. ಸ್ಕೋರಿನಲ್ಲಿ ಪ್ರತಿ ಫರ್ಮಾಟಾದ ಮೇಲೆ 1, 2, 3 ಎಂದು ಬರೆದುಕೊಂಡರೆ ಸಾಕು.

ಲಕ್ಷಣ: ಕಛೇರಿಯ ನಡುವೆ ಯಾರೋ ಕಳೆದುಹೋದರು

ಇದು ತಾಲೀಮಲ್ಲ, ನಿಲ್ಲಿಸುವಂತಿಲ್ಲ. ಮೊದಲ ತಪ್ಪು: ಕೈ ದೊಡ್ಡದಾಗುವುದು. ಕಳೆದುಹೋದವರಿಗೆ ಬೇಕಾದದ್ದು ಮೊದಲ ಬೀಟ್ ಯಾವುದೆಂಬ ಒಂದೇ ಸುದ್ದಿ. ಅದನ್ನು ಮಾತ್ರ ನೇರ ಕೆಳಕ್ಕೆ, ಸ್ಪಷ್ಟವಾಗಿ ಕೊಟ್ಟು ಉಳಿದ ಬೀಟ್‌ಗಳನ್ನು ಬೆರಳಗಲಕ್ಕೆ ಇಳಿಸಿ. ಮುಂದಿನ ಅಕ್ಷರ ಗುರುತು (ಜಾಗ ಹುಡುಕಲೆಂದು ಪ್ರತಿಗಳಲ್ಲಿ ಹಾಕಿರುವ ಎ, ಬಿ, ಸಿ) ಬರುವ ಒಂದು ಬಾರ್ ಮೊದಲು ಎಡಗೈ ಎತ್ತಿ, ಆ ಸಾಲಿನವರ ಕಣ್ಣು ಹುಡುಕಿ, ಗುರುತಿನ ಮೇಲೆ ಕೈ ಇಳಿಸಿ. ಐದು ಬೀಟಿನ ಬಾರ್‌ಗಳಿರುವ ಚೈಕೊವ್‌ಸ್ಕಿ ಆರನೆಯ ಸಿಂಫನಿಯ ಎರಡನೆಯ ಭಾಗದಂಥ ಕಡೆ ಇದು ಇನ್ನೂ ಮುಖ್ಯ. ಎರಡು ಮತ್ತು ಮೂರು ಎಂಬ ಒಳಗುಂಪು ಕೈಯಲ್ಲಿ ಕಾಣದಿದ್ದರೆ ಎಲ್ಲರೂ ತಮ್ಮ ತಮ್ಮ ಎಣಿಕೆಯನ್ನು ಹಿಡಿದುಕೊಳ್ಳುತ್ತಾರೆ. ನೀವು ನಿಲ್ಲುವ ಮಣೆಯ, ಅಂದರೆ ಪೋಡಿಯಂನ, ಮೇಲೆ ಕಾಲು ಕುಟ್ಟಿ ದಾರಿ ತೋರುವ ಆಸೆಯಾದರೆ ಫ್ರಾನ್ಸಿನ ಆಸ್ಥಾನ ಸಂಗೀತಗಾರ ಲಲ್ಲಿಯನ್ನು ನೆನೆಯಿರಿ. 1687ರಲ್ಲಿ ದೊಣ್ಣೆಯಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದಾಗ ಅವರ ಕಾಲಿಗೇ ಪೆಟ್ಟು ಬಿತ್ತು; ಗಾಯ ಕೊಳೆತು ಕೆಲವೇ ವಾರಗಳಲ್ಲಿ ತೀರಿಕೊಂಡರು.

ಲಕ್ಷಣ: ನಿಲ್ಲಿಸಿದ ಮೇಲೆ ಶುರುವಾಗುವುದೇ ಇಲ್ಲ

ತಾಲೀಮಿನ ಸಮಯ ಸೋರುವುದು ಇಲ್ಲಿ. "ಸಿ ಅಕ್ಷರದಿಂದ ಐದನೆಯ ಬಾರ್... ಅಲ್ಲ, ಸಿಗೆ ಮೊದಲು" ಎಂದರೆ ಅರವತ್ತು ಜನ ಎರಡು ಸಲ ಎಣಿಸುತ್ತಾರೆ. ಅಕ್ಷರ ಮೊದಲು, ದಿಕ್ಕು ಆಮೇಲೆ, ಸಂಖ್ಯೆ ಕೊನೆಗೆ: "ಸಿ ಅಕ್ಷರ. ಅದಕ್ಕೆ ಮೊದಲು. ಐದು ಬಾರ್." ನೀವು ಹೇಳುತ್ತಿರುವಾಗಲೇ ಅವರ ಬೆರಳು ಹಿಂದಕ್ಕೆ ನಡೆದಿರುತ್ತದೆ. ಏಕೆ ನಿಲ್ಲಿಸಿದಿರಿ ಎಂದು ಒಂದೇ ವಾಕ್ಯದಲ್ಲಿ ಹೇಳಲಾಗದಿದ್ದರೆ ನಿಲ್ಲಿಸಲೇಬಾರದಿತ್ತು.

ಕೈ ಕಟ್ಟಿ ನಿಂತರೂ ಉಳಿಯುವ ದೋಷಗಳು

ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಹುಳಿಯಾಗಿ ಕೇಳುತ್ತದೆ. ಎಲ್ಲರನ್ನೂ ಅದರ ಮೇಲೆ ನಿಲ್ಲಿಸಿ, ಕೆಳಗಿನಿಂದ ಕಟ್ಟುತ್ತ ಬನ್ನಿ: ಮೊದಲು ಬಾಸ್ ಮತ್ತು ಬಸೂನ್, ಆಮೇಲೆ ಪಂಚಮ ಹಿಡಿದವರು, ಕೊನೆಗೆ ಗಾಂಧಾರ. ಹುಳಿ ಗಾಂಧಾರ ಸೇರಿದಾಗಲಷ್ಟೇ ಬಂದರೆ ಸ್ವರ ತಪ್ಪಿಲ್ಲ, ಶ್ರುತಿ ಹೆಚ್ಚಾಗಿದೆ. ಪಿಯಾನೊ ಕೊಡುವ ಅಂತರ ಗಾಂಧಾರ 400 ಸೆಂಟ್ (ಅರ್ಧ ಸ್ವರದ ನೂರನೆಯ ಒಂದು ಪಾಲು ಒಂದು ಸೆಂಟ್), ಶುದ್ಧವಾಗಿ ಕೂರುವುದು 386ರಲ್ಲಿ. ಟ್ಯೂನರ್ ಯಂತ್ರ ನೋಡಿ ನುಡಿಸುವ ಕ್ಲಾರಿನೆಟ್‌ನವರು ಯಂತ್ರದ ಪ್ರಕಾರ ಸರಿ, ಕಾರ್ಡಿನ ಪ್ರಕಾರ 14 ಸೆಂಟ್ ಮೇಲೆ. "ತುಸು ತಗ್ಗಿಸಿ" ಎಂದರೆ ಸಾಕು, ಸದ್ದು ಒಮ್ಮೆಲೇ ತೆರೆದುಕೊಳ್ಳುತ್ತದೆ.

ಒಬ್ಬರ ಸಾಲು ಪೂರ್ತಿ ಅರ್ಧ ಸ್ವರ ತಗ್ಗಿ ಬಂದರೆ ಬೈಯಬೇಡಿ, ಅವರ ಮಡಿಲು ನೋಡಿ. ಬಿ ಫ್ಲ್ಯಾಟ್ ಕ್ಲಾರಿನೆಟ್ ಬೇಕಿದ್ದಲ್ಲಿ ಎ ಕ್ಲಾರಿನೆಟ್ ಎತ್ತಿಕೊಂಡಿರುತ್ತಾರೆ. ಎರಡೂ ನೋಡಲು ಅವಳಿ, ಸದ್ದಿಗೆ ಅರ್ಧ ಸ್ವರದ ಅಂತರ.

ಒಂದೇ ಸ್ವರ, ಒಂದೇ ಜಾಗದಲ್ಲಿ, ಪ್ರತಿ ಸಲವೂ ತಪ್ಪಾಗಿ ಬಂದರೆ, ಅದೂ ಚೆನ್ನಾಗಿ ನುಡಿಸುವವರಿಂದ ಬಂದರೆ, ಬಿಡಿ ಪ್ರತಿಯಲ್ಲೇ ತಪ್ಪು ಅಚ್ಚಾಗಿದೆ. ಪೋಡಿಯಂನಿಂದ ಇಳಿದು ಹೋಗಿ ಅವರ ಹಾಳೆಯನ್ನು ನಿಮ್ಮ ಸ್ಕೋರಿನ ಪಕ್ಕ ಹಿಡಿಯಿರಿ. ಹಾರ್ನ್‌ನವರ ಎಫ್ ಪ್ರತಿಯಲ್ಲಿ ಬರೆದದ್ದಕ್ಕಿಂತ ಸದ್ದು ಒಂದು ಪಂಚಮದಷ್ಟು ಕೆಳಗೆ ಎಂಬುದನ್ನು ಆ ಗಡಿಬಿಡಿಯಲ್ಲಿ ಮರೆಯಬೇಡಿ. ನಾನು ಒಮ್ಮೆ ಮರೆತು, ಸರಿಯಿದ್ದ ಸ್ವರವನ್ನು ಎಲ್ಲರ ಮುಂದೆ ತಿದ್ದಿಸಿ, ಮರುದಿನ ಎಲ್ಲರ ಮುಂದೆಯೇ ವಾಪಸು ತಿದ್ದಿಸಿದ್ದೇನೆ. ತಪ್ಪು ಖಚಿತವಾದರೆ ಪೆನ್ಸಿಲ್‌ನಿಂದ, ದಪ್ಪ ಅಕ್ಷರದಲ್ಲಿ, ಅಂಚಿನಲ್ಲಿ ದಿನಾಂಕ ಸಮೇತ ತಿದ್ದಿ. ಆ ಪ್ರತಿ ಮುಂದೆ ಇನ್ನೊಂದು ವಾದ್ಯವೃಂದಕ್ಕೆ ಹೋಗುತ್ತದೆ, ಅಲ್ಲಿನ ನಿರ್ದೇಶಕರೂ ಹಾರ್ನ್‌ನವರ ಮೇಲೆ ದನಿ ಏರಿಸಲು ಸಿದ್ಧರಾಗಿ ನಿಂತಿರುತ್ತಾರೆ.